ಕಾಕಾನ ಜೀಪಿಗೆ ಮೊದಲು ಏನು ಹಾಕಿಸೋದು?

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮ ಕಾಕಾ ಒಂದು ಹಳೇ ಫೋರ್ ವೀಲ್ ಡ್ರೈವ್ ಜೀಪ್ ತಗೊಂಡ್ರು. ಶೋಕಿಗಲ್ಲ. ಹಾನಗಲ್ ತಾಲೂಕಿನಲ್ಲಿರೋ ನಮ್ಮ ತೋಟದ ಮನೆ ಊರಿಂದ ಮೂರು ಕಿಲೋಮೀಟರ್ ಒಳಗಿದೆ. ನಡುವೆ ಒಂದು ಹಳ್ಳ, ಅದು ದಾಟಿದ ಮೇಲೆ ಭತ್ತದ ಗದ್ದೆ ಪಕ್ಕದ ಬಂಡಿ ದಾರಿ. ಅಜ್ಜ, ಆಯಿ ಇಬ್ಬರೂ ಅಲ್ಲೇ ಇರ್ತಾರೆ. ಎಷ್ಟು ಕರೆದ್ರೂ ಊರೊಳಗಿನ ಮನೆಗೆ ಬರಲ್ಲ. ಅದರ ಹಿಂದಿನ ಮಳೆಗಾಲದಲ್ಲಿ ಒಂದು ರಾತ್ರಿ ಅಜ್ಜನಿಗೆ ಉಸಿರಾಟದ ತೊಂದರೆ ಆಯ್ತು. ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಹಾಸಿಗೆ ಹಾಸಿ, ಮೇಲೆ ತಾಡಪತ್ರಿ ಹಿಡಕೊಂಡು ಹಾನಗಲ್ಲಿಗೆ ಕರ್ಕೊಂಡು ಹೋದ್ರು. ಗಾಡಿ ತಗೋಬೇಕು ಅಂತ ಕಾಕಾ ನಿರ್ಧಾರ ಮಾಡಿದ್ದು ಅವತ್ತು.

ಜೀಪ್ ಮನೆಗೆ ಬಂದ ದಿನವೇ ನನಗೆ ಫೋನ್. "ತಮ್ಮಾ, ನಲವತ್ತು ಸಾವಿರ ತಗದಿಟ್ಟೀನಿ. ನೀ ಮೆಕ್ಯಾನಿಕಲ್ ಓದಾಕತ್ತಿ, ಮದ್ಲ ಏನ್ ಹಾಕಸಬೇಕು ಬರದು ಕೊಡು."

ನನಗೆ ಗೊತ್ತಿದ್ದದ್ದು ಅರ್ಧ ವಿಡಿಯೋ ನೋಡಿ, ಇನ್ನರ್ಧ ಥರ್ಡ್ ಸೆಮಿಸ್ಟರ್ ಪುಸ್ತಕದಿಂದ. ಕಾಕಾನ ಮಗ, ಪಿಯುಸಿ ಓದೋ ನನ್ನ ತಮ್ಮ, ಅಷ್ಟರಲ್ಲೇ ಒಂದು ಪಟ್ಟಿ ರೆಡಿ ಮಾಡಿದ್ದ: ಎಲ್‌ಇಡಿ ಬಾರ್, 31 ಇಂಚಿನ ಟೈರು, ಮೂರು ಇಂಚಿನ ಲಿಫ್ಟ್ ಕಿಟ್, ಕಬ್ಬಿಣದ ಬಂಪರ್, ವಿಂಚ್, ಸ್ನಾರ್ಕೆಲ್. ನಮ್ಮ ಹಾವೇರಿ ಕಡೆ ದೀಪಾವಳಿಗೆ ಕೊಬ್ಬರಿ ಹೋರಿ ಸಿಂಗಾರ ಮಾಡ್ತಾರಲ್ಲ, ಥೇಟ್ ಹಂಗೇ. ಅದು ಓಡೋ ಹೋರಿ, ಸಿಂಗಾರ ಮಾಡಿದ್ರೆ ಚಂದ. ನಮಗೆ ಬೇಕಾಗಿದ್ದು ಬಂಡಿ ಎಳೆಯೋ ಎತ್ತು.

ಮೊದಲು ಗಾಡಿ ಕೆಳಗೆ ಮಲಗಿ

ಪಟ್ಟಿ ಪಕ್ಕಕ್ಕಿಟ್ಟು, ನಾನು ಊರಿಗೆ ಹೋದಾಗ ಒಂದು ಪರೀಕ್ಷೆ ಮಾಡಿದ್ವಿ. ಉತ್ತಿದ ಹೊಲಕ್ಕೆ ಜೀಪ್ ಇಳಿಸಿ, ಫೋರ್ ವೀಲ್ ಲಿವರ್ ಹಾಕಿ, ಮುಂದಕ್ಕೆ ಬಿಟ್ವಿ. ಇಪ್ಪತ್ತು ಅಡಿ ಹೋಗಿ ಹಿಂದಿನ ಗಾಲಿ ಗರಗರ ತಿರುಗೋಕೆ ಶುರು. ಮುಂದಿನ ಗಾಲಿ ಅಲ್ಲಾಡಲಿಲ್ಲ. ನಾನು ಟ್ರಾನ್ಸ್‌ಫರ್ ಕೇಸ್ ಹೋಗಿದೆ ಅಂದೆ, ತಮ್ಮ ಹಬ್ ಲಾಕ್ ಆಗಿಲ್ಲ ಅಂದ. ಕಾಕಾ ಏನೂ ಮಾತಾಡದೆ ಟವೆಲ್ ಹಾಸಿ ಕೆಳಗೆ ಮಲಗಿ ನೋಡಿ, "ಲೇ, ಇಲ್ಲಿ ಶಾಫ್ಟೇ ಇಲ್ಲಲೇ" ಅಂದ್ರು.

ನಿಜ. ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಆಕ್ಸಲ್‌ಗೆ ಹೋಗೋ ಪ್ರೊಪೆಲ್ಲರ್ ಶಾಫ್ಟನ್ನ ಹಳೇ ಮಾಲೀಕರು ಬಿಚ್ಚಿಟ್ಟಿದ್ರು. ಡಾಂಬರು ರಸ್ತೆಯಲ್ಲೇ ಓಡಿಸೋರು ಡೀಸೆಲ್ ಉಳೀಲಿ ಅಂತ ಹೀಗೆ ಮಾಡೋದುಂಟು. ಮಾರುವಾಗ ಹೇಳಬೇಕಿತ್ತು, ಹೇಳಿರಲಿಲ್ಲ. ಅಂದ್ರೆ ನಾವು ಫೋರ್ ವೀಲ್ ದುಡ್ಡು ಕೊಟ್ಟು ಟೂ ವೀಲ್ ಗಾಡಿ ತಂದಿದ್ವಿ, ಅದಕ್ಕೆ ಸ್ನಾರ್ಕೆಲ್ ಹಾಕಿಸೋ ಬಗ್ಗೆ ಚರ್ಚೆ ಮಾಡ್ತಿದ್ವಿ!

ಹಾಗಾಗಿ ನಲವತ್ತು ಸಾವಿರದಲ್ಲಿ ಮೊದಲ ಖರ್ಚು ಒಂದು ಹಳೇ ಶಾಫ್ಟ್, ಹೊಸ ಯುನಿವರ್ಸಲ್ ಜಾಯಿಂಟ್, ಬ್ರೇಕ್ ಲೈನಿಂಗ್, ಎರಡೂ ಆಕ್ಸಲ್ ಆಯಿಲ್. ಇದನ್ನ ಯಾರೂ ಅಪ್‌ಗ್ರೇಡ್ ಅನ್ನಲ್ಲ, ಫೋಟೋದಲ್ಲೂ ಕಾಣಲ್ಲ. ಆದ್ರೆ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳೋರು ಹಣ ಕೊಡೋ ಮೊದಲೇ ಮಣ್ಣಿನಲ್ಲಿ ಇಳಿಸಿ ನಾಲ್ಕೂ ಗಾಲಿ ಎಳೀತಾವಾ ನೋಡಿ. ಡಾಂಬರಿನ ಮೇಲೆ ಗೊತ್ತಾಗಲ್ಲ.

ಟೈರು ಮತ್ತು ಮಣ್ಣು

ಇನ್ನು ಅಸಲಿ ವಿಷಯ. ಗಾಡಿಯ ಎಂಜಿನ್ ಎಷ್ಟೇ ದೊಡ್ಡದಿರಲಿ, ಆ ಶಕ್ತಿ ನೆಲಕ್ಕೆ ಮುಟ್ಟೋದು ನಾಲ್ಕು ಚಿಕ್ಕ ತುಂಡು ರಬ್ಬರಿನಿಂದ. ಲೆಕ್ಕ ಹಾಕಿ ನೋಡಿ. ಜನ, ಸಾಮಾನು ಸೇರಿ ಜೀಪ್ 1800 ಕೆಜಿ ಅಂದ್ಕೊಳ್ಳಿ, ಒಂದು ಗಾಲಿ ಮೇಲೆ 450 ಕೆಜಿ. ಟೈರಿನ ಗಾಳಿ 30 ಪಿಎಸ್‌ಐ ಅಂದ್ರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕೆಜಿ. ಭಾಗಿಸಿದ್ರೆ ನೆಲಕ್ಕೆ ತಾಗೋ ಜಾಗ 214 ಚದರ ಸೆಂಟಿಮೀಟರ್, ಎ4 ಹಾಳೆಯ ಮೂರನೇ ಒಂದು ಭಾಗ. ಗಾಳಿ 18ಕ್ಕೆ ಇಳಿಸಿದ್ರೆ ಅದೇ 356 ಆಗ್ತದೆ. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರೋದ್ರಿಂದ ನಿಜದಲ್ಲಿ ಇಷ್ಟು ನಿಖರವಾಗಿ ಬರಲ್ಲ, ಆದ್ರೆ ದಿಕ್ಕು ಇದೇ. ಒಂದು ರೂಪಾಯಿ ಖರ್ಚಿಲ್ಲದೆ ಮೂರನೇ ಎರಡು ಭಾಗದಷ್ಟು ಜಾಸ್ತಿ ಜಾಗ ಸಿಕ್ತು.

ಜಾಗ ಜಾಸ್ತಿ ಆದ್ರೆ ಏನು ಲಾಭ, ಘರ್ಷಣೆಗೂ ವಿಸ್ತೀರ್ಣಕ್ಕೂ ಸಂಬಂಧ ಇಲ್ಲ ಅಂತ ಪಿಯುಸಿಯಲ್ಲಿ ಓದಿದ್ದೀವಲ್ಲ ಅಂತ ನನ್ನ ರೂಮ್‌ಮೇಟ್ ಕೇಳಿದ. ಒಳ್ಳೇ ಪ್ರಶ್ನೆ. ಗಟ್ಟಿ ನೆಲಕ್ಕೆ ಅದು ಸರಿ. ಮಣ್ಣಿಗೆ ಬೇರೆ ಸೂತ್ರ, ಸಿವಿಲ್‌ನವರಿಗೆ ಗೊತ್ತಿರ್ತದೆ: ಮಣ್ಣು ಕೊಡೋ ಗರಿಷ್ಠ ಎಳೆತ ಅಂದ್ರೆ ವಿಸ್ತೀರ್ಣ ಗುಣಿಸು ಮಣ್ಣಿನ ಅಂಟುಬಲ, ಜೊತೆಗೆ ಭಾರ ಗುಣಿಸು ಟ್ಯಾನ್ ಫೈ. ಫೈ ಅಂದ್ರೆ ಮಣ್ಣಿನ ಒಳ ಘರ್ಷಣೆಯ ಕೋನ. ಇದರ ಮೇಲೆ ಟೆರಾಮೆಕ್ಯಾನಿಕ್ಸ್ ಅನ್ನೋ ಶಾಸ್ತ್ರವನ್ನೇ ಬೆಳೆಸಿದ ಎಂ.ಜಿ. ಬೆಕ್ಕರ್, 1971ರಲ್ಲಿ ಚಂದ್ರನ ಮೇಲೆ ಓಡಿದ ರೋವರ್ ಗಾಡಿಯ ಕೆಲಸದಲ್ಲೂ ಇದ್ರು. ಮರಳಿಗೆ ಅಂಟುಬಲ ಹತ್ತಿರ ಹತ್ತಿರ ಸೊನ್ನೆ, ಅಲ್ಲಿ ಗಾಳಿ ಇಳಿಸೋದು ಗಾಡಿ ಹೂತು ಹೋಗದಿರಲಿ ಅಂತ. ಜೇಡಿಗೆ ಅಂಟುಬಲವೇ ಎಲ್ಲಾ. ಆದ್ರೆ ಮಳೆಯಲ್ಲಿ ನೆನೆದ ಮೇಲ್ಪದರದಲ್ಲಿ ಅದೂ ಹೋಗಿಬಿಡ್ತದೆ. ಆಗ ಟೈರು ಆ ಪದರವನ್ನ ಸೀಳಿ ಕೆಳಗಿನ ಗಟ್ಟಿ ನೆಲ ಹಿಡೀಬೇಕು.

ಇಲ್ಲೇ ನಮ್ಮ ನಾಲ್ಕು ತಾಲೂಕಿನ ಮಾತು ಬರೋದು. ಸವಣೂರು ಕಡೆ ಎರೆ ಹೊಲ. ಮಳೆ ಬಂದ ಮಾರನೇ ದಿನ ಚಪ್ಪಲಿ ಹಾಕ್ಕೊಂಡು ಇಳಿದು ನೋಡಿ, ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿ ಎರಡು ಕಿಲೋ ಆಗಿರ್ತದೆ. ಟೈರಿಗೂ ಅದೇ ಗತಿ. ಹಲ್ಲುಗಳ ನಡುವೆ ಮಣ್ಣು ಮೆತ್ತಿಕೊಂಡು ಹೊಸ ಟೈರೂ ಬೋಳು ಟೈರಾಗ್ತದೆ. ಅಲ್ಲಿ ಹಲ್ಲು ದೂರ ದೂರ ಇರೋ ಮಡ್ ಟೈರು ಬೇಕು, ಇಲ್ಲಾಂದ್ರೆ ಅರ್ಧ ದಿನ ಬಿಸಿಲು ಬೀಳೋತನಕ ಕಾಯೋ ತಾಳ್ಮೆ ಬೇಕು. ಎರಡನೇದು ಫ್ರೀ. ಶಿಗ್ಗಾಂವಿ, ಹಿರೇಕೆರೂರು ಕಡೆ ಮಸಾರಿ, ಗರಸು ನೆಲ ಸಿಗೋ ಕಡೆ ನೀರು ಬೇಗ ಇಂಗ್ತದೆ, ಆಲ್ ಟೆರೇನ್ ಟೈರು ಧಾರಾಳ ಸಾಕು. ಮೇಲಾಗಿ ಶಿಗ್ಗಾಂವಿಯಲ್ಲಿ ಹಾದು ಹೋಗೋದು ರಾಷ್ಟ್ರೀಯ ಹೆದ್ದಾರಿ 48. ಒದ್ದೆ ಹೆದ್ದಾರಿಯಲ್ಲಿ ಮಡ್ ಟೈರಿನ ಗಾಡಿಗೆ ಬ್ರೇಕ್ ಹೊಡೆದ್ರೆ ನಿಲ್ಲೋಕೆ ಜಾಸ್ತಿ ದೂರ ಬೇಕು. ಹಾನಗಲ್ ಗದ್ದೆ ಮಾತೇ ಬೇರೆ. ಅಲ್ಲಿ ಕೆಸರು ಹೊಡೆಯೋಕೆ ಟ್ರ್ಯಾಕ್ಟರೇ ಕಬ್ಬಿಣದ ಕೇಜ್ ವೀಲ್ ಹಾಕ್ಕೊಂಡು ಇಳೀತದೆ. ನೋಡಿ, ನಮ್ಮ ರೈತರು ಟ್ರ್ಯಾಕ್ಟರಿಗೆ ಮೊದಲು ಬದಲಾಯಿಸೋದು ಲೈಟಲ್ಲ, ನೆಲಕ್ಕೆ ತಾಗೋ ಭಾಗ.

ನಮ್ಮ ಜೀಪ್ ಓಡೋದು ಹೆಚ್ಚಿನಂಶ ಡಾಂಬರಿನ ಮೇಲೆ, ಮಿಕ್ಕಿದ್ದು ಬಂಡಿ ದಾರಿ. ಗದ್ದೆಗೆ ಇಳಿಯೋ ಕೆಲಸ ಇಲ್ಲ. ಅದಕ್ಕೆ ಆಲ್ ಟೆರೇನ್ ಸಾಕು ಅಂದೆ. ಅಳತೆ ಎಷ್ಟು? ಗಾಡಿಗೆ ಇದ್ದದ್ದು 215/75 ಆರ್ 15, ವ್ಯಾಸ 703 ಮಿಲಿಮೀಟರ್. ತಮ್ಮ ಕೇಳಿದ 31 ಇಂಚು ಅಂದ್ರೆ 787. ಅಷ್ಟು ದೊಡ್ಡ ಗಾಲಿ ಹಾಕಿದ್ರೆ ಆಕ್ಸಲ್ ಏರೋದು ವ್ಯತ್ಯಾಸದ ಅರ್ಧ, 42 ಮಿಲಿಮೀಟರ್. ಆದ್ರೆ ಗಾಲಿಗೆ ಸಿಗೋ ಎಳೆತ ನೂರಕ್ಕೆ ಹತ್ತರಷ್ಟು ಕಮ್ಮಿ ಆಗ್ತದೆ, ಮೀಟರ್ 60 ತೋರಿಸುವಾಗ ಗಾಡಿ 67ರಲ್ಲಿ ಓಡ್ತಿರ್ತದೆ. ಹಳೇ ಎಂಜಿನ್, ಹಳೇ ಬ್ರೇಕ್, ಬೇಡ. ಇದ್ದ ಅಳತೆಯಲ್ಲೇ ನಾಲ್ಕು ಹೊಸ ಟೈರು, ಜೊತೆಗೆ ಒಂದು ಪ್ರೆಶರ್ ಗೇಜ್, ಬ್ಯಾಟರಿಗೆ ಹಾಕೋ ಚಿಕ್ಕ ಕಂಪ್ರೆಸರ್. ಉಳಿದ ಬಜೆಟ್‌ನಲ್ಲಿ ಹೆಚ್ಚಿನದು ಇಲ್ಲೇ ಮುಗೀತು. ಒಂದು ಎಚ್ಚರಿಕೆ: ಗಾಳಿ ಇಳಿಸಿದ ಮೇಲೆ ನಿಧಾನ ಓಡಿಸಬೇಕು, ಡಾಂಬರು ಹತ್ತೋ ಮೊದಲು ಮತ್ತೆ ತುಂಬಬೇಕು. ಟ್ಯೂಬ್ ಇರೋ ಟೈರಾದ್ರೆ ಜಾಸ್ತಿ ಇಳಿಸಬೇಡಿ, ಟೈರು ರಿಮ್ ಮೇಲೆ ಜಾರಿ ವಾಲ್ವ್ ಹರೀತದೆ.

ಲಿಫ್ಟ್ ಕಿಟ್ ಬಗ್ಗೆ ತಮ್ಮನ ಜೊತೆ ಜಗಳಾನೇ ಆಯ್ತು. ಜೀಪಿನಂಥ ಗಟ್ಟಿ ಆಕ್ಸಲ್ ಗಾಡಿಯಲ್ಲಿ ಕಲ್ಲಿಗೆ ಮೊದಲು ಬಡಿಯೋದು ಡಿಫರೆನ್ಷಿಯಲ್ ಗುಂಡು. ಲಿಫ್ಟ್ ಕಿಟ್ ಬಾಡಿಯನ್ನ ಎತ್ತುತ್ತದೆ, ಆ ಗುಂಡು ಇದ್ದಲ್ಲೇ ಇರ್ತದೆ! ಅದನ್ನ ಎತ್ತೋದು ಟೈರು ಮಾತ್ರ. ಮೇಲಾಗಿ ಗಾಲಿಗಳ ನಡುವಿನ ಅಗಲ 1.3 ಮೀಟರ್, ಗುರುತ್ವ ಕೇಂದ್ರ 65 ಸೆಂಟಿಮೀಟರ್ ಎತ್ತರ ಅಂದ್ಕೊಂಡ್ರೆ ಗಾಡಿ ಮಗುಚೋ ಕೋನ 45 ಡಿಗ್ರಿ. ಮೂರು ಇಂಚು ಎತ್ತಿದ್ರೆ 42ರ ಕೆಳಗೆ. ತಿರುವಿನಲ್ಲಿ ಇದು ಇನ್ನೂ ಬೇಗ ಗೊತ್ತಾಗ್ತದೆ.

ಎಳೆಯೋದು, ಎಳೆಸಿಕೊಳ್ಳೋದು

ವಿಂಚ್ ಬೇಡ ಅನ್ನೋಕೆ ನನಗೆ ಐದು ಸೆಕೆಂಡ್ ಸಾಕಾಯ್ತು. ನಮ್ಮೂರಲ್ಲಿ ಒಂದು ಕೂಗು ಹಾಕಿದ್ರೆ ಟ್ರ್ಯಾಕ್ಟರ್ ಬರ್ತದೆ. ಬೇಕಾಗಿರೋದು ಟ್ರ್ಯಾಕ್ಟರ್ ಎಳೆದಾಗ ಕಿತ್ತು ಬರದಂಥ ಕೊಕ್ಕೆ. ಗಾಲಿ ಮಟ್ಟಕ್ಕೆ ಹೂತ ಗಾಡಿ ಎಳೆಯೋಕೆ ಹೆಚ್ಚುಕಡಿಮೆ ಗಾಡಿಯ ತೂಕದಷ್ಟೇ ಬಲ ಬೇಕಾಗ್ತದೆ, ಇನ್ನೂ ಆಳಕ್ಕೆ ಹೋದ್ರೆ ದುಪ್ಪಟ್ಟು. ನಮ್ಮಲ್ಲಿ ಬಂಪರಿಗೆ ಸರಪಳಿ ಸುತ್ತಿ ಜಗ್ಗೋ ಪದ್ಧತಿ ಇದೆ. ಬಂಪರ್ ಬೋಲ್ಟ್ ಅದಕ್ಕೆ ಮಾಡಿದ್ದಲ್ಲ. ಬಿಗಿದ ಸರಪಳಿ ಕಡಿದ್ರೆ ಕೊಡಲಿ ಬೀಸಿದ ಹಾಗೆ ಹಾರ್ತದೆ. ಅದಕ್ಕೆ ಚಾಸಿಗೇ ಬೋಲ್ಟ್ ಮಾಡಿದ ಕೊಕ್ಕೆ ಮುಂದೊಂದು ಹಿಂದೊಂದು, 4.75 ಟನ್ ಅಂತ ಅಚ್ಚು ಹಾಕಿರೋ ಮುಕ್ಕಾಲು ಇಂಚಿನ ಶ್ಯಾಕಲ್ ಎರಡು, ಒಂದು ಒಳ್ಳೇ ಬೆಲ್ಟ್. ಎಳೆಯುವಾಗ ಬೆಲ್ಟ್ ಮೇಲೆ ಒದ್ದೆ ಗೋಣಿಚೀಲ ಹಾಕಿ, ಹುಡುಗರನ್ನ ದೂರ ನಿಲ್ಲಿಸಿ.

ಡಿಫರೆನ್ಷಿಯಲ್ ಲಾಕ್ ಚೆನ್ನಾಗಿರ್ತಿತ್ತು. ಟ್ರ್ಯಾಕ್ಟರ್ ಓಡಿಸಿದವರಿಗೆ ಹಿಮ್ಮಡಿ ಹತ್ತಿರದ ಆ ಪೆಡಲ್ ಗೊತ್ತು. ಒಂದು ಗಾಲಿ ಜಾರ್ತಿದ್ರೆ ತುಳೀರಿ, ಎರಡೂ ಒಟ್ಟಿಗೆ ತಿರುಗ್ತಾವೆ. ನಮ್ಮ ಬಜೆಟ್ಟಿಗೆ ಅದು ಆಗಲಿಲ್ಲ. ಇನ್ನು ಕಬ್ಬಿಣದ ಬಂಪರ್: ಬುಲ್ ಬಾರ್ ಹಾಕಿದ ಗಾಡಿಗಳ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಕಂಪನಿ ಕೊಟ್ಟ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಒಮ್ಮೆ ಓದಿ, ಆಮೇಲೆ ವೆಲ್ಡಿಂಗ್ ಅಂಗಡಿಗೆ ಹೋಗಿ.

ಹಳ್ಳ

ಎಲ್ಲಾ ಮುಗಿದ ಮೇಲೆ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. "ಹಳ್ಳ ತುಂಬಿದಾಗ ದಾಟತೈತೇನು?" ಗಾಡಿ ತಗೊಂಡಿದ್ದೇ ಅದಕ್ಕಲ್ವಾ.

ಸ್ನಾರ್ಕೆಲ್ ಹಾಕಿದ್ರೆ ಎಂಜಿನ್ ನೀರು ಕುಡಿಯಲ್ಲ, ಅಷ್ಟೇ. ನಾನು ರಾತ್ರಿ ಕೂತು ಲೆಕ್ಕ ಹಾಕಿದೆ. ಜೀಪಿನ ತಳ ಅಂದಾಜು 3.5 ಮೀಟರ್ ಉದ್ದ, 1.5 ಮೀಟರ್ ಅಗಲ. ನೀರು ತಳಕ್ಕಿಂತ 10 ಸೆಂಟಿಮೀಟರ್ ಏರಿದ್ರೆ ಸುಮಾರು 525 ಕೆಜಿ ಮೇಲಕ್ಕೆ ಎತ್ತುತ್ತದೆ. 1800 ಕೆಜಿಯಲ್ಲಿ ಅಷ್ಟು ಹೋದ್ರೆ ಗಾಲಿಯ ಹಿಡಿತ ಹತ್ತರಲ್ಲಿ ಮೂರು ಪಾಲು ಮಾಯ. 34 ಸೆಂಟಿಮೀಟರ್, ಅಂದ್ರೆ ಒಂದು ಮೊಳಕ್ಕೂ ಕಮ್ಮಿ ಏರಿದ್ರೆ, ಒಳಗೆ ನೀರು ನುಗ್ಗೋ ಮೊದಲೇ ಗಾಡಿ ತೇಲೋಕೆ ಶುರು. ಇದರ ಮೇಲೆ ಪಕ್ಕದಿಂದ ನೀರಿನ ತಳ್ಳಾಟ. ಸೆಕೆಂಡಿಗೆ 2 ಮೀಟರ್ ವೇಗದ ನೀರು ಅರ್ಧ ಮೀಟರ್ ಎತ್ತರಕ್ಕೆ ತಾಗಿದ್ರೆ ಸುಮಾರು 350 ಕೆಜಿ. ವೇಗ ದುಪ್ಪಟ್ಟಾದ್ರೆ ಅದು ನಾಲ್ಕು ಪಟ್ಟು, 1400. ವರದಾ ನದಿಗೆ ಸೇರೋ ನಮ್ಮ ಹಳ್ಳಗಳು ಮಳೆಗಾಲದಲ್ಲಿ ಹೇಗೆ ಓಡ್ತಾವೆ ಅಂತ ನೋಡಿದವರಿಗೆ ಗೊತ್ತು.

ಬೆಳಿಗ್ಗೆ ಹೇಳಿದೆ, "ಇಲ್ಲ ಕಾಕಾ, ಯಾವ ಸಾಮಾನು ಹಾಕಿಸಿದ್ರೂ ದಾಟಲ್ಲ. ದಾಟಿಸಬ್ಯಾಡ್ರಿ." ಕಾಕಾ ಸುಮ್ಮನೆ ಕೂತ್ರು. ಇಷ್ಟೆಲ್ಲಾ ಖರ್ಚು ಮಾಡಿಸಿ ಇದನ್ನ ಹೇಳ್ತಾನಲ್ಲ ಅಂತ ಅನ್ನಿಸಿರಬೇಕು. ಆಮೇಲೆ ಅವರೇ ಎದ್ದು ಟೇಪ್ ತಂದ್ರು. ಜೀಪಿನ ಆಕ್ಸಲ್ ಎತ್ತರ ಅಳೆದು, ಹಳ್ಳದ ಕಾಂಕ್ರೀಟ್ ದಾರಿಯ ಎರಡೂ ಕಡೆ ಕಲ್ಲಿನ ಕಂಬಕ್ಕೆ ಅದೇ ಎತ್ತರದಲ್ಲಿ ಕೆಂಪು ಪೇಂಟಿನ ಗೆರೆ ಎಳೆದ್ವಿ. ಹರಿಯೋ ನೀರು ಆ ಗೆರೆ ಮುಟ್ಟಿದ್ರೆ ಯಾರೂ ಇಳಿಯೋ ಹಾಗಿಲ್ಲ. ಆಕ್ಸಲ್‌ಗಳ ಬ್ರೀದರ್‌ಗೆ ಉದ್ದ ರಬ್ಬರ್ ಪೈಪ್ ಹಾಕಿ ಮೇಲಕ್ಕೆ ಕಟ್ಟಿದ್ವಿ, ಆಯಿಲ್ ಒಳಗೆ ನೀರು ಸೇರದಿರಲಿ ಅಂತ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು ಇವೆರಡೇ.

ಆ ಗೆರೆ ತೋರಿಸಿಯೇ ಕಾಕಾ ಅಜ್ಜನನ್ನ ಒಪ್ಪಿಸಿದ್ದು. ಜೋರು ಮಳೆಯ ವಾರಗಳಲ್ಲಿ ಊರೊಳಗಿನ ಮನೆಯಲ್ಲಿ ಇರ್ತೀನಿ ಅಂದ್ರು ಅಜ್ಜ, ಆದ್ರೆ ಆಕಳೂ ಜೊತೆಗೆ ಬರಬೇಕು ಅಂತ ಷರತ್ತು. ಜುಲೈನಲ್ಲಿ ಒಂದು ಮುಂಜಾನೆ, ಗಾಳಿ ಇಳಿಸಿದ ಟೈರಲ್ಲಿ, ಫೋರ್ ವೀಲ್ ಹಾಕಿ, ಅಜ್ಜ, ಆಯಿ ಮತ್ತೆ ಎರಡು ಟ್ರಂಕ್ ಹೇರಿಕೊಂಡು ಜೀಪ್ ಆ ಬಂಡಿ ದಾರಿ ದಾಟಿ ಬಂತು. ಎಲ್ಲೂ ಹೂಳಲಿಲ್ಲ. ಆಕಳು ತಮ್ಮನ ಜೊತೆ ಹಿಂದೆ ನಡ್ಕೊಂಡು ಬಂತು. ನಾಲ್ಕು ದಿನ ಆದ ಮೇಲೆ ನನಗೆ ಇಂಟರ್ನಲ್ಸ್ ನಡೀತಿದ್ದಾಗ ಕಾಕಾ ಫೋನ್ ಮಾಡಿದ್ರು.

"ಗೆರಿ ಮುಳಗೇತಿ, ತಮ್ಮಾ. ಈಗ ಕಂಬದ ತುದಿ ಅಷ್ಟ ಕಾಣಾಕತ್ತೈತಿ."