ದ್ರಾಕ್ಷಿ ಸೀಮೆಯ ಪ್ರವಾಸಕ್ಕೆ ಒಂಬತ್ತು ಸೂತ್ರಗಳು

ನಾಸಿಕ್‌ಗೆ ಹೋದ ಅನೇಕರು ಒಂದೇ ದಿನ ನಾಲ್ಕು ವೈನರಿ ಸುತ್ತುತ್ತಾರೆ. ಸಂಜೆಯ ಹೊತ್ತಿಗೆ ಯಾವ ರುಚಿ ಎಲ್ಲಿಯದು ಎಂಬುದೇ ನೆನಪಿರುವುದಿಲ್ಲ. ವೈನ್ ಮೊದಲು ರೈತನ ಬೆಳೆ, ಆಮೇಲೆ ಪಾನೀಯ. ಬಳ್ಳಿ, ಊಟ, ಚರಿತ್ರೆ ಮೂರನ್ನೂ ಕೂಡಿಸಿ ನೋಡಿದವರಿಗೆ ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದವರೆಗಿನ ಸೀಮೆ ಪೂರ್ತಿ ದಕ್ಕುತ್ತದೆ.

1. ಕೊಯ್ಲಿನ ಕಾಲಕ್ಕೆ ಹೋಗಿ. ಜನವರಿಯಿಂದ ಮಾರ್ಚ್‌ವರೆಗೆ ಇಲ್ಲಿ ವೈನ್ ದ್ರಾಕ್ಷಿಯ ಸುಗ್ಗಿ. ಮಳೆಗಾಲಕ್ಕೆ ಹಣ್ಣು ಸಿಕ್ಕಿಬೀಳದಿರಲೆಂದು ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟ್ನಿ (ಬಳ್ಳಿ ಸವರುವುದು) ಮಾಡುತ್ತಾರೆ: ಬೇಸಿಗೆಯಲ್ಲಿ ಕಡ್ಡಿ ಬಲಿಯಲು, ಮಳೆ ಮುಗಿಯುವಾಗ ಹಣ್ಣು ಕಚ್ಚಲು. ವಿಜಯಪುರದ ದ್ರಾಕ್ಷಿ ರೈತರಿಗೂ ಇದೇ ಲೆಕ್ಕ. ಸುಗ್ಗಿಯಲ್ಲಿ ಹೋದರೆ ಗೊನೆ ಕತ್ತರಿಸುವುದರಿಂದ ಹಿಡಿದು ರಸ ಹಿಂಡುವವರೆಗೆ ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಜುಲೈಯಲ್ಲಿ ಹೋದರೆ ಹಸಿರು ಎಲೆ ಮಾತ್ರ.

2. ದಿನಕ್ಕೆ ಎರಡೇ ವೈನರಿ. ದೊಡ್ಡದೊಂದು, ಸಣ್ಣದೊಂದು ಆರಿಸಿಕೊಳ್ಳಿ. ಗಂಗಾಪುರ ಅಣೆಕಟ್ಟಿನ ಕಡೆ ಸುಲಾ ಮತ್ತು ಯಾರ್ಕ್ ಹತ್ತಿರ ಹತ್ತಿರವೇ ಇವೆ. ಯಾರ್ಕ್ 2021ರಲ್ಲಿ ಸುಲಾದ ಕೈಸೇರಿತು. ದಿಂಡೋರಿಯ ಕಡೆ ಶಾಂಡನ್, ಇಗತ್‌ಪುರಿಯ ಕಡೆ ವಲೋನ್ ಮತ್ತು ಗ್ರೋವರ್ ಜಂಪಾ. ಈ ಕೊನೆಯ ಹೆಸರು ನಮ್ಮ ನಾಡಿನದೂ ಹೌದು: 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಶುರುವಾದ ಗ್ರೋವರ್ ಸಂಸ್ಥೆ 2012ರಲ್ಲಿ ನಾಸಿಕ್ ಸೀಮೆಯ ಕಂಪನಿಯೊಂದಿಗೆ ಕೂಡಿಕೊಂಡಿತು. ಎಲ್ಲಿಗೇ ಆಗಲಿ, ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಶನಿವಾರ, ಭಾನುವಾರ ಮುಂಬೈ, ಪುಣೆಯ ಜನ ತುಂಬಿರುತ್ತಾರೆ. ವಾರದ ನಡುವಿನ ದಿನಗಳೇ ಲೇಸು.

3. ಹಿನ್ನೆಲೆ ತಿಳಿದು ಹೋಗಿ. ನಾಸಿಕ್ ಮೊದಲಿನಿಂದಲೂ ತಿನ್ನುವ ದ್ರಾಕ್ಷಿಯ ಊರು. ರಾಜೀವ್ ಸಾಮಂತ್ ಅಮೆರಿಕದಿಂದ ಮರಳಿ, ತಾಯಿ ಸುಲಭಾ ಅವರ ಹೆಸರಿನಿಂದ ಕಟ್ಟಿದ ಸುಲಾ ತನ್ನ ಮೊದಲ ವೈನ್ ಹೊರತಂದದ್ದು 2000ದಲ್ಲಿ. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ಪ್ರತ್ಯೇಕ ನೀತಿ ತಂದಿತು. ವಿಂಚೂರಿನಲ್ಲಿ ವೈನ್ ಪಾರ್ಕ್ ಎದ್ದಿತು. ಇಪ್ಪತ್ತೈದು ವರ್ಷಗಳಲ್ಲಿ ಒಂದು ಬೆಳೆ ಊರಿನ ಹಣೆಬರಹ ಬದಲಿಸಿದ್ದನ್ನು ಅರಿತು ನೋಡಿದರೆ ತೋಟಕ್ಕೆ ಬೇರೆಯೇ ಅರ್ಥ ಬರುತ್ತದೆ.

4. ಗೈಡ್‌ಗೆ ಪ್ರಶ್ನೆ ಕೇಳಿ. ಇದು ಯಾವ ತಳಿ? ಹಣ್ಣು ಸ್ವಂತ ತೋಟದ್ದೋ, ಒಪ್ಪಂದದ ರೈತರದ್ದೋ? ಸ್ಟೀಲ್ ಟ್ಯಾಂಕಿನಲ್ಲಿ ಇಟ್ಟದ್ದೋ, ಓಕ್ ಪೀಪಾಯಿಯಲ್ಲೋ? ಕೆಂಪು ವೈನ್‌ಗೆ ಬಣ್ಣ ಬರುವುದು ಸಿಪ್ಪೆಯನ್ನು ರಸದ ಜೊತೆಗೇ ಹುದುಗಲು ಬಿಡುವುದರಿಂದ. ಬಿಳಿಯದಕ್ಕೆ ರಸವನ್ನು ಮೊದಲೇ ಹಿಂಡಿ ತೆಗೆಯುತ್ತಾರೆ. ಇಷ್ಟು ತಿಳಿದಿದ್ದರೆ ಮುಂದಿನ ಮಾತು ತಾನಾಗಿ ಬೆಳೆಯುತ್ತದೆ.

5. ರುಚಿ ನೋಡುವುದಕ್ಕೆ ಕ್ರಮವಿದೆ. ಮೊದಲು ನೊರೆಯ ಸ್ಪಾರ್ಕ್ಲಿಂಗ್, ಆಮೇಲೆ ಶೆನಿನ್ ಬ್ಲಾಂಕ್, ಸೋವಿನ್ಯೋ ಬ್ಲಾಂಕ್‌ನಂಥ ಬಿಳಿಯವು, ನಂತರ ಶಿರಾಜ್‌ನಂಥ ಕೆಂಪು, ಕೊನೆಗೆ ಸಿಹಿ. ಮೂಸಿ, ಸಣ್ಣ ಗುಟುಕು ತೆಗೆದುಕೊಂಡು, ಬಾಯಲ್ಲಿ ಆಡಿಸಿ. ಉಗುಳುವುದು ಅಲ್ಲಿ ಅಸಭ್ಯವಲ್ಲ. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ನಡುನಡುವೆ ನೀರು ಕುಡಿಯಿರಿ. ವೈನ್ ಮುಟ್ಟದವರಿಗೂ ತೋಟದ ನಡಿಗೆ, ಘಟಕದ ಸುತ್ತಾಟ ಸಾಕಷ್ಟು ಕೊಡುತ್ತವೆ.

6. ಬೆಳಿಗ್ಗೆ ಮಿಸಳ್, ಆಮೇಲೆ ವೈನರಿ. ಖಾಲಿ ಹೊಟ್ಟೆಯಲ್ಲಿ ವೈನ್ ಬೇಡ. ಮೊಳಕೆ ಮಡಕಿಯ ಉಸಳಿ, ಮೇಲೆ ಫರ್ಸಾಣ್, ಈರುಳ್ಳಿ, ಲಿಂಬೆ, ಪಕ್ಕದಲ್ಲಿ ಖಾರದ ರಸ್ಸಾ ಮತ್ತು ಪಾವ್: ಇದು ನಾಸಿಕ್‌ನ ಬೆಳಗು. ಗಂಗಾಪುರ ರಸ್ತೆಯ ಕಡೆಯ ಸಾಧನಾದಲ್ಲಿ ಸೌದೆ ಒಲೆಯ ಮಿಸಳ್ ಸಿಗುತ್ತದೆ. ವೈನರಿಗಳ ದಾರಿಗೂ ಅನುಕೂಲ. ಪೇಟೆಯಲ್ಲಿ ಸಾಯಂತಾರಾದ ಸಾಬೂದಾಣಿ ವಡೆ, ಬುಧಾ ಹಲವಾಯಿಯ ಜಿಲೇಬಿ, ಮನೆಗೆ ಒಯ್ಯಲು ಕೊಂಡಾಜಿ ಚಿವಡಾ. ಇಂಥ ಖಾರಕ್ಕೆ ತಣ್ಣಗಿನ, ತುಸು ಸಿಹಿಯಾದ ಶೆನಿನ್ ಹೊಂದುತ್ತದೆ. ಒಗರಿನ ಕೆಂಪು ವೈನ್ ಉರಿಯನ್ನು ಹೆಚ್ಚಿಸುತ್ತದೆ.

7. ಸಂಭಾಜಿನಗರಕ್ಕೆ ರಸ್ತೆಯಲ್ಲೇ ಹೋಗಿ. ನಿಫಾಡ್, ವಿಂಚೂರು, ಯೇವಲಾ, ವೈಜಾಪುರದ ಮೂಲಕ ಸಾಗುವ ಈ ದಾರಿಯೇ ಒಂದು ಪಾಠ. ನಿಫಾಡ್‌ನ ಸುತ್ತ ದ್ರಾಕ್ಷಿ ಚಪ್ಪರಗಳು, ವಿಂಚೂರಿಗೆ ಹತ್ತಿರವೇ ಲಾಸಲ್‌ಗಾಂವ್‌ನ ಹೆಸರಾಂತ ಈರುಳ್ಳಿ ಮಾರುಕಟ್ಟೆ, ಯೇವಲಾದಲ್ಲಿ ಪೈಠಣಿ ಸೀರೆಯ ಮಗ್ಗಗಳು. ಮಧ್ಯಾಹ್ನ ಯಾವುದಾದರೂ ಢಾಬಾದಲ್ಲಿ ಪಿಠಲೆ, ಭಾಕ್ರಿ, ಠೇಚಾ ಹೇಳಿ. ಝುಣಕ, ರೊಟ್ಟಿ ಉಂಡು ಬೆಳೆದ ಉತ್ತರ ಕರ್ನಾಟಕದವರಿಗೆ ಅದು ಮನೆಯೂಟವೇ.

8. ದೌಲತಾಬಾದ್, ಎಲ್ಲೋರಾ ಬಿಡಬೇಡಿ. 14ನೇ ಶತಮಾನದಲ್ಲಿ ದೌಲತಾಬಾದನ್ನು ಕಂಡ ಇಬ್ನ್ ಬತೂತಾ, ಅಲ್ಲಿ ದ್ರಾಕ್ಷಿ, ದಾಳಿಂಬೆ ವರ್ಷಕ್ಕೆ ಎರಡು ಸಲ ಫಲ ಕೊಡುತ್ತವೆಂದು ಬರೆದ. ಈ ಮಣ್ಣಿಗೂ ದ್ರಾಕ್ಷಿಗೂ ನಂಟು ಹೊಸದಲ್ಲ. ಕಾರ್ನಾಡರ ನಾಟಕದಿಂದ ನಮಗೆ ಪರಿಚಿತನಾದ ತುಘಲಕ್‌ನ ದಂಡಿನೊಂದಿಗೆ ನಾನ್ ಖಲಿಯಾ ಇಲ್ಲಿಗೆ ಬಂತೆಂದು ಊರವರು ಹೇಳುತ್ತಾರೆ: ಮೆತ್ತನೆಯ ದೊಡ್ಡ ನಾನ್, ಮಸಾಲೆಭರಿತ ಮಾಂಸದ ಸಾರು. ಸಂಭಾಜಿನಗರದ ಹಳೆ ಪೇಟೆಯಲ್ಲೇ ಅದನ್ನು ತಿನ್ನಿ. ಸಿಹಿಗೆ ಗುಲ್‌ಮಂಡಿಯ ಇಮರ್ತಿ. ಎಲ್ಲೋರಾದ ಕೈಲಾಸ ದೇವಾಲಯ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು; ಕನ್ನಡಿಗರು ಅದರ ಮುಂದೆ ನಿಲ್ಲದೆ ಮರಳಬಾರದು. ಎಲ್ಲೋರಾಗೆ ಮಂಗಳವಾರ, ಅಜಂತಾಗೆ ಸೋಮವಾರ ರಜೆ.

9. ನಿಯಮ ಪಾಲಿಸಿ. ಮಹಾರಾಷ್ಟ್ರದಲ್ಲಿ ವೈನ್ ಕುಡಿಯಲು 21 ತುಂಬಿರಬೇಕು; ಗುರುತಿನ ಚೀಟಿ ಜೊತೆಗಿರಲಿ. ಜನವರಿ 26, ಜನವರಿ 30ರಂಥ ಡ್ರೈ ಡೇಗಳನ್ನೂ ಚುನಾವಣೆಯ ದಿನಗಳನ್ನೂ ಮೊದಲೇ ನೋಡಿಕೊಳ್ಳಿ. ರುಚಿ ನೋಡಿದವರು ಸ್ಟೀರಿಂಗ್ ಮುಟ್ಟಬಾರದು; ಡ್ರೈವರ್ ಗೊತ್ತುಮಾಡಿ. ಪಂಚವಟಿ, ಗೋದಾವರಿ ಘಾಟ್ ಯಾತ್ರಿಕರ ತಾಣ. ಅಲ್ಲಿಗೆ ಸ್ನಾನ ಮಾಡಿ ಬೆಳಿಗ್ಗೆಯೇ ಹೋಗಿಬನ್ನಿ. ಬಾಟಲಿ ಕೊಂಡರೆ ರಸೀದಿ ಇಟ್ಟುಕೊಳ್ಳಿ. ಗಡಿ ದಾಟುವ ಮುನ್ನ ಎರಡೂ ರಾಜ್ಯಗಳ ಅಬಕಾರಿ ಮಿತಿ ವಿಚಾರಿಸಿ.

ಸಂಭಾಜಿನಗರದಿಂದ ಬೀಡ್, ಸೊಲ್ಲಾಪುರ ಹಾದು ವಿಜಯಪುರ, ಹುಬ್ಬಳ್ಳಿಗೆ ಬರುವುದು ಒಂದೇ ರಾಷ್ಟ್ರೀಯ ಹೆದ್ದಾರಿ, 52. ಆ ದಾರಿಯಲ್ಲಿ ಮರಳುವಾಗ ವಿಜಯಪುರದ ದ್ರಾಕ್ಷಿ ತೋಟವೊಂದಕ್ಕೂ ಹೋಗಿ, ಬೆಳೆಗಾರರನ್ನು ಮಾತಾಡಿಸಿ, ಅವರಿಂದಲೇ ಒಣದ್ರಾಕ್ಷಿ ಕೊಳ್ಳಿ. ನಾಸಿಕ್ ತನ್ನ ಬೆಳೆಯನ್ನು ನೋಡಲು ಜನರನ್ನು ಕರೆಯಲು ಕಲಿತಿದೆ. ನಮ್ಮ ರೈತರ ಬಳಿಯೂ ತೋರಿಸಲು ಅಷ್ಟೇ ಇದೆ; ನೋಡಲು ನಾವು ಹೋಗಬೇಕು.