ಚಿಕ್ಕವರ ಕೈಬರಹ: ಮನೆಯಲ್ಲಿ ನಾವೇ ಕಲಿಸಬಹುದಾದದ್ದು

ನಮ್ಮ ಕಾಲೇಜಿನ ಬಹಳ ಗೆಳತಿಯರ ಮನೆಯಲ್ಲಿ ಒಂದನೇ, ಎರಡನೇ ತರಗತಿಯ ತಮ್ಮ ತಂಗಿಯರಿದ್ದಾರೆ. ಸಂಜೆ ಅಮ್ಮಿ ಅಡುಗೆಮನೆಯಲ್ಲಿ, ಅಬ್ಬಾ ಅಂಗಡಿಯಲ್ಲಿ. ಚಿಕ್ಕವರ ಹೋಂವರ್ಕ್ ನಮ್ಮ ಪಾಲಿಗೆ. ಆಗ ನಾವು ಹೇಳುವ ಮಾತು ಒಂದೇ: "ನೀಟಾಗಿ ಬರಿ." ನೀಟಾಗಿ ಬರೆಯುವುದು ಹೇಗೆ ಎಂದು ಮಾತ್ರ ಯಾರೂ ತೋರಿಸುವುದಿಲ್ಲ. ತುಮಕೂರಿನಲ್ಲಿ ನನ್ನ ತಮ್ಮನಿಗೂ, ಭಾನುವಾರಗಳಲ್ಲಿ ಗುಬ್ಬಿಯ ಖಾಲಾ ಮಗಳಿಗೂ ಎರಡು ವರ್ಷದಿಂದ ಬರೆಸುತ್ತಿದ್ದೇನೆ. ಅದರಿಂದ ತಿಳಿದದ್ದು, ಓದಿ ತಿಳಿದದ್ದು ಎರಡನ್ನೂ ಇಲ್ಲಿ ಬರೆಯುತ್ತೇನೆ.

ಬರವಣಿಗೆ ಶುರುವಾಗುವುದು ಪುಸ್ತಕದಿಂದಲ್ಲ, ಬೆರಳಿನಿಂದ. ಐದು ವರ್ಷದ ಮಗುವಿನ ಬೆರಳುಗಳಿಗೆ ಇನ್ನೂ ಬಲ ಬಂದಿರುವುದಿಲ್ಲ. ಅದಕ್ಕೇ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಕಾಗದ ಹರಿಯುವಂತೆ ಒತ್ತುತ್ತದೆ. ಚಪಾತಿ ಹಿಟ್ಟು ನಾದಲು ಕೊಡಿ, ಅವರೆಕಾಯಿ ಸುಲಿಸಿ, ದಾರಕ್ಕೆ ಮಣಿ ಪೋಣಿಸಲು ಹೇಳಿ. ಇವೆಲ್ಲ ಬರವಣಿಗೆಯ ಪಾಠವೇ. ಪೆನ್ಸಿಲ್ ಹಿಡಿಯುವಾಗ ಹೆಬ್ಬೆರಳು ಮತ್ತು ತೋರುಬೆರಳು ಹಿಡಿಯಬೇಕು, ನಡುಬೆರಳು ಕೆಳಗಿನಿಂದ ಆಧಾರ ಕೊಡಬೇಕು. ಇದಕ್ಕೆ ಒಂದು ಸುಲಭ ಉಪಾಯವಿದೆ: ಉದ್ದ ಪೆನ್ಸಿಲಿನ ಬದಲು ಬೆರಳುದ್ದದ ತುಂಡು ಪೆನ್ಸಿಲ್ ಅಥವಾ ಸಣ್ಣ ಬಳಪ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಮೂರು ಬೆರಳು ತಾನಾಗಿ ಬರುತ್ತವೆ. ಮಂಚದ ಮೇಲೆ ಮಲಗಿ ಬರೆಯುವುದು ಬೇಡ. ಮೇಜು ಇಲ್ಲದಿದ್ದರೆ ಚಿಂತೆಯಿಲ್ಲ, ನಮ್ಮ ಮನೆಯಲ್ಲೂ ಇಲ್ಲ. ನೆಲದ ಮೇಲೆ ಕೂತು ಮುಂದೆ ಗಟ್ಟಿಯಾದ ಮಣೆ ಇಟ್ಟುಕೊಂಡರೆ ಸಾಕು.

ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ತಮ್ಮ ಕೆಟ್ಟ ಕೈಬರಹದ ಬಗ್ಗೆ ನೊಂದುಕೊಂಡು ಬರೆದಿದ್ದಾರೆ. ಮಕ್ಕಳಿಗೆ ಅಕ್ಷರ ಕಲಿಸುವ ಮೊದಲು ಚಿತ್ರ ಬರೆಯಲು ಕಲಿಸಬೇಕು ಎಂಬುದು ಅವರ ಅಭಿಪ್ರಾಯ. ಕನ್ನಡಕ್ಕೆ ಈ ಮಾತು ಇನ್ನೂ ಚೆನ್ನಾಗಿ ಹೊಂದುತ್ತದೆ ಎಂದು ನನಗನಿಸುತ್ತದೆ, ಏಕೆಂದರೆ ನಮ್ಮ ಲಿಪಿ ದುಂಡು ಲಿಪಿ. ವೃತ್ತ, ಅರ್ಧವೃತ್ತ, ಕೊಕ್ಕೆ, ಸುರುಳಿ ಕೈಗೆ ಬಂದರೆ ಅರ್ಧ ವರ್ಣಮಾಲೆ ಬಂದ ಹಾಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಎಂದು ಶುರು ಮಾಡುವುದಿಲ್ಲ. ರ, ಗ, ಸ, ದ, ಅ ಎಂದು ಶುರು ಮಾಡುತ್ತಾರೆ. 'ಆ', 'ಈ', 'ಋ' ಬರೆಯಲು ಕಷ್ಟ, 'ರ', 'ಗ' ಸುಲಭ. ಇಷ್ಟೇ ಅಕ್ಷರಗಳಲ್ಲಿ ಸರ, ಅರಸ, ಗರಗಸ ಎಂಬ ಪದಗಳೂ ಸಿಗುತ್ತವೆ. ಮನೆಯಲ್ಲೂ ಇದೇ ಕ್ರಮ ಹಿಡಿಯಬಹುದು. ಮೊದಲು ಮರಳಿನಲ್ಲಿ ಅಥವಾ ತಟ್ಟೆಯಲ್ಲಿ ಹರಡಿದ ರಾಗಿಹಿಟ್ಟಿನಲ್ಲಿ ಬೆರಳಿನಿಂದ, ಆಮೇಲೆ ಸ್ಲೇಟಿನಲ್ಲಿ, ಕೊನೆಗೆ ಎರಡು ಗೆರೆಯ ಪುಸ್ತಕದಲ್ಲಿ.

ಹಿಂದಿನವರು ಇದಕ್ಕೆ 'ತಿದ್ದಿಸುವುದು' ಎನ್ನುತ್ತಿದ್ದರು. ದೊಡ್ಡವರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಕೈಯಾಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಮಾಡುವುದೂ ತಿದ್ದುವುದೇ. ತಿದ್ದಿಸುವಾಗ ನೋಡಬೇಕಾದದ್ದು ಅಕ್ಷರ ಎಲ್ಲಿಂದ ಶುರುವಾಯಿತು ಎಂಬುದನ್ನು. ಮಗು ದುಂಡನ್ನು ಬಿಟ್ಟು ತಲೆಕಟ್ಟಿನಿಂದ ಶುರು ಮಾಡಿದರೆ ನೋಡಲು ಸರಿಯಾಗಿ ಕಂಡರೂ ಮುಂದೆ ವೇಗವಾಗಿ ಬರೆಯುವಾಗ ಅಕ್ಷರ ಒಡೆಯುತ್ತದೆ. ಶುರುವಿನ ಜಾಗಕ್ಕೆ ಕೆಂಪು ಚುಕ್ಕೆ ಇಡಿ.

ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಇನ್ನೊಂದು ಸಂಗತಿ ಇದೆ. ಮಗು ಬೆಳಿಗ್ಗೆ ಮಕ್ತಬ್‌ನಲ್ಲಿ ಬಲದಿಂದ ಎಡಕ್ಕೆ ಬರೆಯುತ್ತದೆ, ಹತ್ತು ಗಂಟೆಗೆ ಶಾಲೆಯಲ್ಲಿ ಎಡದಿಂದ ಬಲಕ್ಕೆ. ಇದು ಮಗುವಿಗೆ ಹೊರೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಎರಡಕ್ಕೂ ಬೇರೆ ಬೇರೆ ಪುಸ್ತಕವಿದ್ದು, ಸಾಲು ಶುರುವಾಗುವ ಕಡೆ ಒಂದು ಬಾಣದ ಗುರುತು ಹಾಕಿದರೆ ಸಾಕು. ಇನ್ನೊಂದು ಲಾಭವೂ ಉಂಟು. ಕನ್ನಡದ ಮಕ್ಕಳೂ ಬ-ಭ, ದ-ಧ ನಡುವೆ ಹೊಟ್ಟೆ ಸೀಳುವುದನ್ನು ಮರೆಯುತ್ತಾರೆ. ಮನೆಯಲ್ಲಿ ದಿನವೂ 'ಭಾಯಿ', 'ಧೂಪ್' ಎನ್ನುವ ಮಗುವಿಗೆ ಆ ಸೀಳು ಎಲ್ಲಿ ಬೇಕೆಂದು ಕಿವಿಯೇ ಹೇಳುತ್ತದೆ. ನಮ್ಮ ಕಷ್ಟ ಲ-ಳದಲ್ಲಿ. ತಮ್ಮ ಒಮ್ಮೆ 'ನಾನಿಯ ಹಲ್ಲಿ ಕುಣಿಗಲ್ ಹತ್ತಿರ ಇದೆ' ಎಂದು ಬರೆದಿದ್ದ!

ಈಗ ಎಡಗೈಯ ವಿಷಯ. ಈ ಲೇಖನ ಬರೆಯಲು ಅದೇ ಮುಖ್ಯ ಕಾರಣ. ಖಾಲಾ ಮಗಳು ಎಡಚಿ. ಅವಳ ಟೀಚರ್ ಒಬ್ಬರು ಪೆನ್ಸಿಲನ್ನು ಕಿತ್ತು ಬಲಗೈಗೆ ಕೊಡುತ್ತಿದ್ದರು. ನಾನಿ ಕುಣಿಗಲ್‌ನಿಂದ ಬಂದಾಗಲೂ ಅದೇ. ಕಳೆದ ರಂಜಾನ್ ಹೊತ್ತಿಗೆ ಅವಳು ಬರೆಯುವುದನ್ನೇ ಬಿಟ್ಟಿದ್ದಳು. ಪುಸ್ತಕ ತೆಗೆದರೆ ಹೊಟ್ಟೆನೋವು ಎನ್ನುತ್ತಿದ್ದಳು. ನಾನಿಯ ಮಾತಿಗೆ ಎದುರಾಡುವುದು ನಮ್ಮಲ್ಲಿ ಇಲ್ಲ. ಊಟ ಬಲಗೈಯಲ್ಲೇ ಮಾಡುತ್ತಾಳೆ ನಾನಿ, ಅದನ್ನು ಯಾರೂ ತಪ್ಪಿಸುವುದಿಲ್ಲ, ಬರೆಯುವ ಕೈ ಮಾತ್ರ ಅಲ್ಲಾಹ್ ಕೊಟ್ಟ ಹಾಗೆ ಇರಲಿ ಎಂದೆ. ಗಾಂಧೀಜಿಯ ಕಥೆಯನ್ನೂ ಹೇಳಿದೆ: 1909ರಲ್ಲಿ ಲಂಡನ್‌ನಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಹಡಗಿನಲ್ಲಿ 'ಹಿಂದ್ ಸ್ವರಾಜ್' ಬರೆಯುವಾಗ ಬಲಗೈ ಸೋತು, ಸುಮಾರು 40 ಪುಟಗಳನ್ನು ಎಡಗೈಯಲ್ಲೇ ಬರೆದರು. ನಾನಿ ಒಪ್ಪಿದರು ಎಂದು ಹೇಳಲಾರೆ, ಪೆನ್ಸಿಲ್ ಕೀಳುವುದನ್ನಂತೂ ಬಿಟ್ಟಿದ್ದಾರೆ. ಖಾಲಾ ಶಾಲೆಗೆ ಹೋಗಿ ಮಾತಾಡಿ ಬಂದರು.

ಎಡಗೈ ಮಕ್ಕಳಿಗೆ ಮಾಡಬೇಕಾದದ್ದು ಸ್ವಲ್ಪವೇ. ಪುಸ್ತಕವನ್ನು ಎದೆಯ ಮಧ್ಯಕ್ಕಿಂತ ಎಡಕ್ಕೆ ಇಟ್ಟು, ಮೇಲಿನ ತುದಿಯನ್ನು ಬಲಕ್ಕೆ ಓರೆ ಮಾಡಿ. ಪೆನ್ಸಿಲನ್ನು ಮೊನೆಯಿಂದ ತುಸು ಮೇಲೆ ಹಿಡಿಯಲಿ, ಆಗ ಬರೆದದ್ದು ಕಾಣುತ್ತದೆ. ಬೆಂಚಿನಲ್ಲಿ ಎಡತುದಿಗೆ ಕೂರಿಸಿದರೆ ಪಕ್ಕದವರ ಮೊಣಕೈ ತಾಗುವುದಿಲ್ಲ. ಉರ್ದು ಬರೆಯುವಾಗ ಅವಳಿಗೆ ನಮಗಿಂತ ಅನುಕೂಲ, ಬರೆದ ಸಾಲಿನ ಮೇಲೆ ಅವಳ ಕೈ ಉಜ್ಜುವುದೇ ಇಲ್ಲ. ಇದನ್ನು ಕಂಡುಹಿಡಿದವಳೂ ಅವಳೇ.

ದಿನಕ್ಕೆ ಹತ್ತು ನಿಮಿಷ ಸಾಕು. ಒಂದು ಪುಟ ತುಂಬಿಸಿದರೆ ಕೊನೆಯ ಸಾಲುಗಳು ಮೊದಲ ಸಾಲಿಗಿಂತ ಕೆಟ್ಟಿರುತ್ತವೆ, ಅಂದರೆ ಮಗು ಕೆಟ್ಟದ್ದನ್ನೇ ಅಭ್ಯಾಸ ಮಾಡಿದಂತಾಯಿತು. ಮೂರು ಸಾಲು ಬರೆಸಿ, ಅದರಲ್ಲಿ ಚೆನ್ನಾಗಿ ಬಂದ ಒಂದು ಅಕ್ಷರಕ್ಕೆ ಸುತ್ತು ಹಾಕಲು ಮಗುವಿಗೇ ಹೇಳಿ. ಶಿಕ್ಷೆಯಾಗಿ ನೂರು ಸಲ ಬರೆಸುವುದು ಬೇಡವೇ ಬೇಡ.

ಕಾಮರ್ಸ್ ವಿದ್ಯಾರ್ಥಿನಿಯಾಗಿ ಕೊನೆಗೊಂದು ಮಾತು: ಅಂಕಿಗಳನ್ನೂ ತಿದ್ದಿಸಿ. 1 ಮತ್ತು 7, 0 ಮತ್ತು 6 ಬೇರೆಯಾಗಿ ಕಾಣಲಿ, ಬಿಡಿ ಹತ್ತು ನೂರು ಒಂದರ ಕೆಳಗೊಂದು ಬರಲಿ. ನಮ್ಮ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ಲೆಕ್ಕ ತಿಳಿಯದ್ದಕ್ಕಿಂತ ನಮ್ಮದೇ 7 ನಮಗೆ 1 ಎಂದು ಕಂಡದ್ದೇ ಹೆಚ್ಚು ಸಲ ಕಾರಣವಾಗಿರುತ್ತದೆ.