ಮಾರುವ ಮನೆಗೆ ಬಣ್ಣ ಕೊನೆಗೆ

ಬೀದರ್ ಜಿಲ್ಲೆಯ ಭಾಲ್ಕಿಯಲ್ಲೋ ಔರಾದಿನಲ್ಲೋ ಮನೆ ಕೊಳ್ಳಲು ಬರುವ ಹಿರಿಯರನ್ನು ಗಮನಿಸಿ. ಹೊಸ ಬಣ್ಣವನ್ನು ಬಾಯಿಮಾತಿಗೆ ಹೊಗಳುತ್ತಾರೆ, ಕಣ್ಣು ಮಾತ್ರ ಗೋಡೆಯ ಬುಡದಲ್ಲಿ, ಕಿಟಕಿಯ ಮೂಲೆಯಲ್ಲಿ ಇರುತ್ತದೆ. ಎರೆ ಭೂಮಿಯಲ್ಲಿ ಬಾಳಿದವರಿಗೆ ಆ ಮಣ್ಣಿನ ಗುಣ ಗೊತ್ತು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ತಳಪಾಯ ಆಳವಿಲ್ಲದ ಮನೆ ಅದರ ಜೊತೆಗೇ ಏರಿಳಿಯುತ್ತದೆ. ಹಾಗಾಗಿ ಮಾರುವ ಮುನ್ನ ಮನೆಯ ಮುಂಭಾಗ ಚೆಂದ ಮಾಡಲು ಎತ್ತಿಟ್ಟ ಹಣದಲ್ಲಿ ದೊಡ್ಡ ಪಾಲು ನೀರು ಹರಿಯುವ ದಾರಿಗೆ ಮತ್ತು ಬಿರುಕಿಗೆ ಹೋಗಲಿ.

ಬೀದರ್ ನಗರದ ಕಥೆ ಬೇರೆ. ಊರು ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಆ ಕೆಂಪು ಕಲ್ಲು ನೀರನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ. ಇಲ್ಲಿನ ನೌಬಾದಿನಲ್ಲಿ ಕರೇಜ್ ಎಂಬ ನೆಲದಡಿಯ ಸುರಂಗದಲ್ಲಿ ನೀರು ಹರಿದದ್ದೂ ಅದರಿಂದಲೇ. ಇಲ್ಲಿನ ಹಳೆಯ ಮನೆಗಳಲ್ಲಿ ಗೋಡೆ ಸೀಳುವುದಕ್ಕಿಂತ ತೇವ ಏರಿ ಗಿಲಾವು ಉದುರುವ ತೊಂದರೆ ಹೆಚ್ಚು.

ಮೊದಲು ನೀರು

ಗೋಡೆಯ ಬುಡಕ್ಕೆ ಒಂದು ಕೊಡ ನೀರು ಸುರಿದು ನೋಡಿ. ಹೊರಕ್ಕೆ ಹರಿದರೆ ಸರಿ. ಅಲ್ಲೇ ನಿಂತರೆ ಗೌಂಡಿಯನ್ನು ಕರೆಸಿ. ಗೋಡೆಗೆ ಹೊಂದಿಕೊಂಡು ಮೂರಡಿ ಅಗಲಕ್ಕೆ ಎರೆ ಮಣ್ಣನ್ನು ಒಂದು ಪದರ ತೆಗೆಸಿ, ಮುರುಮು ಹಾಕಿ ಬಡಿಸಿ, ಮೇಲೆ ಶಹಾಬಾದ್ ಫರಸಿ ಅಥವಾ ಕಾಂಕ್ರೀಟ್ ಹಾಸಿಸಿ. ಹೊರ ಅಂಚು ಗೋಡೆಯ ಕಡೆಗಿಂತ ಎರಡು ಇಂಚು ತಗ್ಗಿರಲಿ. ಫರಸಿ ಗೋಡೆಯನ್ನು ಮುಟ್ಟುವ ಸಂದಿಗೆ ಸಿಮೆಂಟ್ ಬೇಡ, ಜಗ್ಗುವ ಸೀಲೆಂಟ್ ತುಂಬಿಸಿ. ಮಣ್ಣು ಅಲುಗಿದಾಗ ಸಿಮೆಂಟ್ ಬಿಟ್ಟುಕೊಳ್ಳುತ್ತದೆ. ಮಾಳಿಗೆಯ ಮಳೆನೀರಿನ ಪೈಪು ಗೋಡೆಯ ಬುಡಕ್ಕೆ ಸುರಿಯುತ್ತಿದ್ದರೆ ಅದನ್ನು ಚರಂಡಿಯ ಕಡೆಗೆ ತಿರುಗಿಸಿ. ಮೇಲಿನ ಟಾಕಿ ತುಂಬಿ ಗೋಡೆಯ ಮೇಲೆ ಪಾಚಿಯ ಗೆರೆ ಎಳೆದಿದ್ದರೆ ಒಂದು ಫ್ಲೋಟ್ ವಾಲ್ವ್ ಸಾಕು.

ಅಂಗಳದ ಬೇವಿನ ಮರವನ್ನು ದಯವಿಟ್ಟು ಕಡಿಸಬೇಡಿ. ಏಪ್ರಿಲ್ ಬಿಸಿಲಲ್ಲಿ ಬಂದವರು ಮೊದಲು ನಿಲ್ಲುವುದು ಅದರ ನೆರಳಿನಲ್ಲೇ. ಅಲ್ಲದೆ ಎರೆ ಮಣ್ಣಿನಲ್ಲಿ ದೊಡ್ಡ ಮರ ಹೋದರೆ ಅದು ಹೀರುತ್ತಿದ್ದ ನೀರು ನೆಲದಲ್ಲೇ ಉಳಿದು ಮಣ್ಣು ಇನ್ನಷ್ಟು ಉಬ್ಬುತ್ತದೆ. ಹೊಸ ಸಸಿಯನ್ನು ಗೋಡೆಗೆ ಅಂಟಿಸಿ ನೆಡುವುದೂ ಬೇಡ. ದಾಸವಾಳ, ಕಾಗದದ ಹೂವು ಕುಂಡದಲ್ಲೇ ಇರಲಿ. ಬೇಸಿಗೆಯಲ್ಲಿ ನೀರಿಗೆ ಪರದಾಡುವ ಊರಿನಲ್ಲಿ ಹುಲ್ಲುಹಾಸು ನೋಡಿದ ಕೊಳ್ಳುವವರಿಗೆ ಖುಷಿಗಿಂತ ಚಿಂತೆಯೇ ಜಾಸ್ತಿ.

ಬಿರುಕನ್ನು ಮುಚ್ಚುವುದು, ಮರೆಮಾಚುವುದು

ಎರಡೂ ಒಂದೇ ಅಲ್ಲ. ಬಿರುಕಿಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆದು, ಬಿರುಕಿನ ಎರಡೂ ತುದಿಗೆ ಗುರುತು ಮಾಡಿ, ಪಕ್ಕದಲ್ಲಿ ತಾರೀಖು ಬರೆದಿಡಿ. ಕೆಲವು ತಿಂಗಳ ನಂತರವೂ ಬೆಳೆಯದಿದ್ದರೆ, ಕೂದಲೆಳೆಯಷ್ಟೇ ಇದ್ದರೆ, ಅದು ಗಿಲಾವಿನ ಬಿರುಕು. ಸ್ವಲ್ಪ ಅಗಲಿಸಿ, ದೂಳು ತೆಗೆದು, ಕ್ರ್ಯಾಕ್ ಫಿಲ್ಲರ್ ತುಂಬಿದರೆ ಮುಗಿಯಿತು. ಕಿಟಕಿಯ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿರುಕು, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ ಬಿರುಕು ಎಂಜಿನಿಯರ್ ನೋಡಬೇಕಾದವು. ತುಂಬಿಸುವ ಕೆಲಸಕ್ಕೆ ಮೇ ತಿಂಗಳು ಸೂಕ್ತವಲ್ಲ, ಆಗ ಮಣ್ಣು ಪೂರಾ ಕುಗ್ಗಿರುತ್ತದೆ. ಮಳೆ ನಿಂತು ನೆಲ ಹದವಾಗಿರುವ ದೀಪಾವಳಿಯ ಆಸುಪಾಸು ಒಳ್ಳೆಯದು.

ದೊಡ್ಡ ಬಿರುಕಿನ ಮೇಲೆ ಪುಟ್ಟಿ ಬಳಿದು ಮಾರಿಬಿಡೋಣ ಎಂದು ಸಲಹೆ ಕೊಡುವ ದಲಾಲರು ಸಿಗುತ್ತಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವನಿಗೆ ಸಾಧಾರಣ ಎಚ್ಚರದಿಂದ ಕಾಣಸಿಗದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕು. ದುರಸ್ತಿಯ ಬಿಲ್ಲು ಮತ್ತು ಮೊದಲಿನ ಫೋಟೊ ಇಟ್ಟುಕೊಂಡು ತೋರಿಸುವುದು ಎಷ್ಟೋ ವಾಸಿ. ಚೌಕಾಸಿಯಲ್ಲೂ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹಳೆ ಊರಿನವರಿಗೆ

ಕೆಂಪು ಕಲ್ಲು, ಗಾರೆಯ ಗೋಡೆ ಇದ್ದರೆ ಅದನ್ನು ಸಿಮೆಂಟ್ ಗಿಲಾವಿನಿಂದ ಮುಚ್ಚಬೇಡಿ. ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ, ಕೆಲ ವರ್ಷಕ್ಕೆ ಹಕ್ಕಳೆ ಹಕ್ಕಳೆಯಾಗಿ ಬೀಳುತ್ತದೆ. ನೀರು, ಬ್ರಷ್ಷಿನಿಂದ ತೊಳೆದು, ಸಂದುಗಳಿಗೆ ಸುಣ್ಣದ ಗಾರೆಯನ್ನೇ ತುಂಬಿಸಿ. ಆಸಿಡ್ ಬೇಡ. ನನ್ನ ಕೇಳಿದರೆ, ಬೀದರಿನಲ್ಲಿ ತೆರೆದ ಕೆಂಪು ಕಲ್ಲಿನ ಮುಂಭಾಗಕ್ಕಿಂತ ಚೆಂದದ ಟೈಲ್ಸ್ ಯಾವ ಅಂಗಡಿಯಲ್ಲೂ ಇಲ್ಲ.

ಕೋಟೆ ಅಥವಾ 1472ರ ಮಹಮೂದ್ ಗವಾನ್ ಮದರಸಾದ ಹತ್ತಿರ ಮನೆ ಇದ್ದರೆ ಇನ್ನೊಂದು ಎಚ್ಚರ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ದುರಸ್ತಿ, ನವೀಕರಣಕ್ಕೂ ಅನುಮತಿ ಬೇಕು. ಕೆಲಸ ಶುರುಮಾಡಿ ನೋಟಿಸ್ ಬಂದರೆ ಮಾರಾಟವೂ ನಿಲ್ಲುತ್ತದೆ.

ಇನ್ನು ಬಣ್ಣ

ಹೊಸ ಗಿಲಾವಿಗೆ ನಾಲ್ಕು ವಾರ ಬಿಡಿ, ಆಮೇಲೆ ಪ್ರೈಮರ್, ಎರಡು ಕೋಟ್ ತಿಳಿ ಬಣ್ಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೋಡೆಗೆ ಕೈ ಹಾಕಬೇಡಿ. ಹೇಗೂ ಆಷಾಢ, ಪಿತೃಪಕ್ಷದಲ್ಲಿ ಬಯಾನಾ ಕೊಡುವವರು ಕಡಿಮೆ. ನವೆಂಬರ್–ಡಿಸೆಂಬರ್‌ನಲ್ಲಿ ಬಣ್ಣ ಮುಗಿಸಿದರೆ ಯುಗಾದಿ, ಅಕ್ಷಯ ತೃತೀಯದ ಗಿರಾಕಿಗೆ ಮನೆ ಸಿದ್ಧ. ಗೇಟಿನ ತುಕ್ಕು ಕೆರೆದು ರೆಡ್ ಆಕ್ಸೈಡ್, ಅದರ ಮೇಲೆ ಎನಾಮಲ್. ಹಳೆಯ ಸಾಗುವಾನಿ ಬಾಗಿಲಿಗೆ ಬಣ್ಣಕ್ಕಿಂತ ಅಗಸೆ ಎಣ್ಣೆ ಮೇಲು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹರಡಿ ಒಣಗಿಸಿ, ಮುದ್ದೆಯಾಗಿದ್ದರೆ ತಾನಾಗಿ ಬೆಂಕಿ ಹಿಡಿಯುವುದುಂಟು. ವಾಸ್ತುವಿಗೆಂದು ಬಾಗಿಲ ದಿಕ್ಕು ಬದಲಿಸುವುದು ಕೊಳ್ಳುವವರ ತಲೆನೋವು, ನಿಮ್ಮದಲ್ಲ.

ಮುಂಭಾಗಕ್ಕೆ ಕೈ ಹಾಕುವ ಮೊದಲೇ ಟೇಪ್ ಹಿಡಿದು ಅಳೆದು ದಾಖಲೆಗೆ ಹೋಲಿಸಿ. ಪಟ್ಟಣದ ಆಸ್ತಿ ನೋಂದಣಿಗೆ ಇ-ಖಾತಾ ಬೇಕು, ಹಳ್ಳಿಯಲ್ಲಾದರೆ ಇ-ಸ್ವತ್ತಿನ ನಮೂನೆ. ಋಣಭಾರ ಪತ್ರ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಖಾತೆಯಲ್ಲಿರುವ ಅಳತೆಗೂ ನಿಮ್ಮ ಕಾಂಪೌಂಡಿಗೂ ತಾಳೆಯಾಗಬೇಕು. ಕಟ್ಟೆ, ಮೆಟ್ಟಿಲು ಚರಂಡಿಯ ಮೇಲೆ ಬಂದಿದ್ದರೆ ಅದಕ್ಕೆ ಫರಸಿ ಹಾಸುವ ಖರ್ಚು ಬೇಡ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಅದೇ.